ಲಗೇಜು ಯಾರದು?

ಮನೆಯೊಳಗೆ ಯಾರ ಹತ್ತಿರವೂ ಲಗೇಜು ಇರುವುದಿಲ್ಲ. ಬೀರುವಿನ ಮೇಲಿರುವುದು ಸೂಟ್‌ಕೇಸು, ಮಂಚದ ಕೆಳಗಿರುವುದು ಟ್ರಂಕು, ಬಾಗಿಲ ಹಿಂದೆ ನೇತಾಡುವುದು ಚೀಲ, ಮೂಲೆಗೆ ಒರಗಿಸಿದ್ದು ಅಕ್ಕಿಮೂಟೆ. ಎಲ್ಲ ಸೇರಿದರೆ ಸಾಮಾನು. ಅದೇ ಸಾಮಾನು ತಿಪಟೂರಿನ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿ, ಕಂಡಕ್ಟರ್ ಅದನ್ನು ಕಾಲಲ್ಲಿ ಸರಿಸಿ ನೋಡಿ, "ಯಾರದ್ರೀ ಈ ಲಗೇಜು?" ಎಂದು ಕೂಗಿದ ಗಳಿಗೆಯಲ್ಲಿ ಲಗೇಜಾಗುತ್ತದೆ. ಮೊದಲ ಕೂಗಿಗೆ ಯಾರೂ ಓಗೊಡುವುದಿಲ್ಲ. "ಕೆಳಗಿಳಿಸ್ತೀನಿ ನೋಡಿ" ಎಂದ ಮೇಲೆ ಹಿಂದಿನ ಸೀಟಿನಿಂದ ಒಂದು ದನಿ ಏಳುತ್ತದೆ: "ನಂದೇ ಕಣಣ್ಣ, ನಾಕು ತೆಂಗಿನಕಾಯಿ ಅಷ್ಟೇ." ಚೀಲದಲ್ಲಿ ನಲವತ್ತಿರುತ್ತವೆ.

ದುಡ್ಡು ಕೇಳುವವರು ಎದುರು ನಿಂತಾಗ ಸಾಮಾನಿಗೆ ಬರುವ ಹೆಸರು ಲಗೇಜು. ನಾನು ಈ ಪದಕ್ಕೆ ಕೊಡುವ ಅರ್ಥ ಇಷ್ಟೇ; ನಿಘಂಟಿನವರು ಒಪ್ಪದಿದ್ದರೂ ಕಂಡಕ್ಟರುಗಳು ಒಪ್ಪುತ್ತಾರೆ. ಬಸ್ಸಿನಲ್ಲಿ ಮನುಷ್ಯರಿಗೊಂದು ನ್ಯಾಯ, ಅವರು ತಂದದ್ದಕ್ಕೆ ಇನ್ನೊಂದು ನ್ಯಾಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಂಗಸರಿಗೆ ಶೂನ್ಯ ಟಿಕೆಟ್ಟು, ಅವರ ಮೂಟೆಗೆ ಮಾತ್ರ ದುಡ್ಡು. ಮರುವರ್ಷದ ಮಾರ್ಚ್‌ನಲ್ಲಿ ಅಜ್ಜಿ ಮೊಮ್ಮಗಳು ನಾಲ್ಕು ಲವ್‌ಬರ್ಡ್ಸ್ ಹಿಡಿದು ಬೆಂಗಳೂರಿನಿಂದ ಮೈಸೂರಿಗೆ ಹೊರಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅವರಿಬ್ಬರಿಗೆ ಬಿಟ್ಟಿ ಪ್ರಯಾಣ, ಹಕ್ಕಿಗಳಿಗೆ ತಲಾ 111ರಂತೆ 444 ರೂಪಾಯಿ. ಅದೂ ಲಗೇಜೆಂದಲ್ಲ, ಮಕ್ಕಳ ಲೆಕ್ಕದಲ್ಲಿ. ರೆಕ್ಕೆ ಇದ್ದವು ಬಸ್ಸಿಗೆ ದುಡ್ಡು ಕೊಟ್ಟವು.

ಇಂಗ್ಲಿಷಿನಲ್ಲಿ ಈ ಪದ ಹುಟ್ಟಿದ್ದು 'ಲಗ್' ಎಂಬ ಧಾತುವಿನಿಂದ. ಎಳೆ, ಜಗ್ಗು ಎಂದು ಅರ್ಥ. ಜಗ್ಗಿಕೊಂಡು ಹೋಗಬೇಕಾದ್ದು ಲಗೇಜು. ಷೇಕ್ಸ್‌ಪಿಯರ್‌ನ 'ಐದನೆಯ ಹೆನ್ರಿ' ನಾಟಕದಲ್ಲಿ ಸೈನ್ಯದ ಸಾಮಾನು ಸರಂಜಾಮಿಗೂ ಇದೇ ಹೆಸರು. ನಮ್ಮಲ್ಲಿ ಬಹುಕಾಲ ಲಗೇಜನ್ನು ಯಾರೂ ಎಳೆಯಲಿಲ್ಲ, ಹೊತ್ತರು: ತಲೆಯ ಮೇಲೆ ಸಿಂಬಿ ಇಟ್ಟು, ಹೆಗಲಿಗೆ ಹಾಕಿ, ರೈಲು ನಿಲ್ದಾಣದಲ್ಲಿ ಕೆಂಪಂಗಿಯ ಕೂಲಿಯ ಕೈಗೆ ಕೊಟ್ಟು. 1972ರಲ್ಲಿ ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬಾತ ಸೂಟ್‌ಕೇಸಿಗೆ ಗಾಲಿ ಹಾಕಿ, ಪಟ್ಟಿ ಕಟ್ಟಿ ಎಳೆಯುವ ಉಪಾಯಕ್ಕೆ ಪೇಟೆಂಟ್ ಪಡೆದ. ಆಮೇಲೆ ಪದ ತನ್ನ ಹುಟ್ಟಿನ ಅರ್ಥಕ್ಕೆ ಮರಳಿತೆನ್ನಬೇಕು. ಈಗ ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ ಎಲ್ಲರೂ ಎಳೆಯುವವರೇ. ಮನೆ ಮುಂದಿನ ಕಿತ್ತುಹೋದ ಫುಟ್‌ಪಾತಿನ ಮೇಲೆ ಮಾತ್ರ ಅದೇ ಪೆಟ್ಟಿಗೆಯನ್ನು ಮತ್ತೆ ಎತ್ತಿ ಹೊರಬೇಕು, ಆ ಮಾತು ಬಿಡಿ.

ಕನ್ನಡಕ್ಕೆ ಬಂದ ಮೇಲೆ ಪದ ಕೆಲಸಕ್ಕೆ ಸೇರಿತು. ಲಗೇಜ್ ಟಿಕೆಟ್, ಲಗೇಜ್ ಆಟೋ, ಲಗೇಜ್ ಗಾಡಿ. ಮದುವೆಗೆ ಹೊರಟ ಸ್ನೇಹಿತ ಜೊತೆಗೊಬ್ಬ ಕಿರಿಕಿರಿ ಬಂಧುವನ್ನು ಕರೆತಂದರೆ "ಈ ಲಗೇಜನ್ನ ಯಾಕೆ ತಂದ್ಯೋ?" ಎಂದು ಕಿವಿಯಲ್ಲಿ ಕೇಳುತ್ತೇವೆ. ಅಷ್ಟು ಒಗ್ಗಿದೆ. ಆದರೆ 'ಗಂಟು' ಇರುವ ಕಡೆ ಅದಕ್ಕೆ ಪ್ರವೇಶವಿಲ್ಲ. ನಿವೃತ್ತಿಯಾದಾಗ ಕೈಗೆ ಬರುವುದು ಇಡುಗಂಟು. ಸುಮ್ಮನೆ ತಲೆ ಹಾಕುವವನಿಗೆ "ನಿನ್ನ ಗಂಟೇನು ಹೋಯ್ತು?" ಮುನಿಸಿಕೊಂಡರೆ ಗಂಟುಮುಖ. ಊರು ಬಿಡುವಾಗ ಗಂಟುಮೂಟೆ ಕಟ್ಟುತ್ತೇವೆ, ಯಾರೂ ಲಗೇಜು ಕಟ್ಟುವುದಿಲ್ಲ. ಲಗೇಜನ್ನು ಹಾಕಬೇಕು, ಇಡಬೇಕು, ಇಲ್ಲವೇ ಎತ್ತಬೇಕು. ರೂಪಾ ರಾವ್ 2019ರಲ್ಲಿ ಒಬ್ಬ ಹುಡುಗಿಯ ಶಾಲೆಯ ದಿನಗಳ ಪ್ರೇಮವನ್ನು ಚಿತ್ರ ಮಾಡಿದಾಗ ಅದಕ್ಕೆ 'ಗಂಟುಮೂಟೆ' ಎಂದೇ ಹೆಸರಿಟ್ಟರು. ಮನಸ್ಸಿನಲ್ಲಿ ಹೊರುವುದನ್ನು ಲಗೇಜು ಎನ್ನಲು ಬಾಯಿ ಬರುವುದಿಲ್ಲ. ಮನಸ್ಸಿನೊಳಗೆ ಟಿಕೆಟ್ ಕೇಳುವವರಿಲ್ಲವಲ್ಲ.

ಲಗೇಜು ವಿಮಾನ ಹತ್ತುವಾಗ ಬ್ಯಾಗೇಜಾಗಿ ಬಡ್ತಿ ಪಡೆಯುತ್ತದೆ. ನಮ್ಮ ದೇಶದೊಳಗಿನ ಹಾರಾಟದಲ್ಲಿ ಸಾಮಾನ್ಯವಾಗಿ 15 ಕಿಲೋ ಹೊಟ್ಟೆಗೆ, 7 ಕಿಲೋ ಕೈಗೆ. ಅಮೆರಿಕಕ್ಕೆ ಹೊರಟರೆ ಹೆಚ್ಚಾಗಿ 23 ಕಿಲೋದ ಎರಡು ಪೆಟ್ಟಿಗೆ. ಬಸ್ಸಿನ ಕಂಡಕ್ಟರ್ ಹತ್ತಿರ "ಬಿಡಣ್ಣ, ಕಾಲ ಹತ್ರಾನೇ ಇಟ್ಕೋತೀನಿ" ಎನ್ನಬಹುದಿತ್ತು. ಇಲ್ಲಿ ಬೆಲ್ಟಿನ ಪಕ್ಕದ ಕೆಂಪು ಅಂಕಿ ಎಲ್ಲವನ್ನೂ ಹೇಳಿಬಿಡುತ್ತದೆ. ಕೌಂಟರಿನ ಹುಡುಗಿ ಎಷ್ಟೇ ಒಳ್ಳೆಯವಳಾದರೂ ಆ ಅಂಕಿಗೆ ಕನ್ನಡ ಬರುವುದಿಲ್ಲ.

ನಡುರಾತ್ರಿ ದೇವನಹಳ್ಳಿಯ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಬಾಣಂತನಕ್ಕೆ ಹೊರಟ ಒಬ್ಬ ಅಮ್ಮನಾದರೂ ಕಣ್ಣಿಗೆ ಬೀಳುತ್ತಾರೆ. ಸೂಟ್‌ಕೇಸಿನ ಹಿಡಿಗೆ ಹಳೇ ಸೀರೆಯ ಅಂಚು ಕಟ್ಟಿರುತ್ತದೆ, ಆ ಕಡೆ ಗುರುತು ಸಿಗಲೆಂದು. ನಾನು ಕಂಡ ಒಬ್ಬರ ಪೆಟ್ಟಿಗೆ ಒಂದೂವರೆ ಕಿಲೋ ಜಾಸ್ತಿ ತೂಗಿತು. ಮನೆಯಲ್ಲಿ ಯಜಮಾನರು ಸ್ನಾನದ ಮನೆಯ ತಕ್ಕಡಿ ಹತ್ತಿ, ಪೆಟ್ಟಿಗೆ ಅಪ್ಪಿಕೊಂಡು ತೂಗಿ, ತಮ್ಮ ತೂಕ ಕಳೆದಿದ್ದರಂತೆ. ತಮ್ಮ ತೂಕವನ್ನೇ ಅವರು ಹೆಚ್ಚು ಹೇಳಿದ್ದರೆಂದು ಅಲ್ಲೇ ತೀರ್ಮಾನವಾಯಿತು. ಆಕೆ ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದರು. ಹಿಂಗಿನ ವಾಸನೆ ಸಾಲಿನುದ್ದಕ್ಕೂ ಹರಡಿತು. ಸಾರಿನ ಪುಡಿ, ಮೆಂತ್ಯದ ಹಿಟ್ಟು, ಅಂಟಿನುಂಡೆಯ ಡಬ್ಬ, ಕೂಸಿಗೆ ಬಜೆ ಜಾಯಿಕಾಯಿ ತೇಯಲು ಒಂದು ಪುಟ್ಟ ಕಲ್ಲು. ಗಂಡ ಕಲ್ಲಿನತ್ತ ಬೆರಳು ತೋರಿಸಿದರು. ಆಕೆ ಅತ್ತ ನೋಡಲೂ ಇಲ್ಲ. ತಮ್ಮ ಎರಡು ಸ್ವೆಟರು, ಒಂದು ಶಾಲು ಎಳೆದು, ಒಂದರ ಮೇಲೊಂದು ತೊಟ್ಟುಕೊಂಡು ಎದ್ದರು. ಏಪ್ರಿಲ್ ತಿಂಗಳು. ಮೈಮೇಲೆ ಬಂದ ಸ್ವೆಟರು ಲಗೇಜಲ್ಲ. ಅದಕ್ಕೆ ಯಾವ ವಿಮಾನ ಕಂಪನಿಯೂ ದುಡ್ಡು ಕೇಳುವಂತಿಲ್ಲ. ಕಾನೂನಿನ ಸಂದು ಹುಡುಕುವುದರಲ್ಲಿ ನಮ್ಮ ಅಮ್ಮಂದಿರನ್ನು ಮೀರಿಸುವ ವಕೀಲರಿಲ್ಲ.

ತೆಂಗಿನಕಾಯಿಯ ಕತೆ ಇನ್ನೂ ಸ್ವಾರಸ್ಯದ್ದು. ವಿಮಾನದವರ ಲೆಕ್ಕದಲ್ಲಿ ಕೊಬ್ಬರಿ ಅಪಾಯಕಾರಿ ಸರಕು. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಅದಕ್ಕೆ ಜಾಗ. ಇಡೀ ಕಾಯಿಯನ್ನೂ ಕೈಚೀಲದಲ್ಲಿ ಬಿಡುತ್ತಿರಲಿಲ್ಲ. ಹಾಗಾದರೆ ಶಬರಿಮಲೆಗೆ ಹೊರಟ ಸ್ವಾಮಿಗಳ ಪಾಡೇನು? ಇರುಮುಡಿಯೆಂದರೆ ಎರಡು ಭಾಗದ ಗಂಟು, ಅದರಲ್ಲಿ ತುಪ್ಪ ತುಂಬಿದ ಕಾಯಿ. ವ್ರತಸ್ಥರು ಅದನ್ನು ತಲೆಯ ಮೇಲೆ ಹೊರಬೇಕೇ ಹೊರತು ಟ್ಯಾಗು ಅಂಟಿಸಿ ಬೆಲ್ಟಿಗೆ ಹಾಕುವಂಥದ್ದಲ್ಲ. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, 2025ರ ಜನವರಿ 20ರವರೆಗೆ ಯಾತ್ರಿಗಳು ಕಾಯಿಯನ್ನು ತಪಾಸಣೆಗೆ ಒಡ್ಡಿ ಜೊತೆಯಲ್ಲೇ ಒಯ್ಯಬಹುದೆಂದು ಸಡಿಲ ಮಾಡಿತು. ಲಗೇಜಿನ ಕಾನೂನು ಗಂಟಿಗೆ ತಲೆಬಾಗಿದ ಅಪರೂಪದ ಪ್ರಸಂಗ. ನನಗಂತೂ ಖುಷಿಯಾಯಿತು.

ಇಳಿದ ಮೇಲಿನದು ಬೇರೆಯೇ ಪರೀಕ್ಷೆ. ಎಂಜಿನ್ ಆರಿದ 10 ನಿಮಿಷಕ್ಕೆ ಮೊದಲ ಬ್ಯಾಗು, 30 ನಿಮಿಷದೊಳಗೆ ಕೊನೆಯದು ಬರಬೇಕೆಂದು ವಿಮಾನಯಾನ ಭದ್ರತಾ ಬ್ಯೂರೋ 2024ರ ಫೆಬ್ರವರಿಯಲ್ಲಿ ಏಳು ಕಂಪನಿಗಳಿಗೆ ತಾಕೀತು ಮಾಡಿತ್ತು. ಬೆಲ್ಟಿನ ಬಳಿ ನಿಂತ ಜನಕ್ಕೆ ಇದು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಗಡಿಯಾರ ನೋಡಿ ಹಲ್ಲು ಕಡಿಯುವುದಷ್ಟೇ. ದುಬೈನಿಂದ ಮಂಗಳೂರಿಗೆ ಬಂದವರ ರಟ್ಟಿನ ಪೆಟ್ಟಿಗೆಗಳು ನೈಲಾನ್ ಹಗ್ಗ ಬಿಗಿದು, ನಾಲ್ಕೂ ಮುಖಕ್ಕೆ ದಪ್ಪ ಮಾರ್ಕರಿನಲ್ಲಿ ಹೆಸರು ಬರೆಸಿಕೊಂಡು ಬರುತ್ತವೆ. ಅವು ತಪ್ಪುವುದು ಕಡಿಮೆ ಎಂದು ನನ್ನ ಗುಮಾನಿ. ತಪ್ಪುವುದು ಎಲ್ಲರಲ್ಲೂ ಇರುವ ಆ ಕಪ್ಪು ಪೆಟ್ಟಿಗೆ.

ಒಂದು ನಿಯಮವನ್ನು ಮಾತ್ರ ಗೊಣಗದೆ ಒಪ್ಪಿಕೊಂಡಿದ್ದೇನೆ. ಚೆಕ್-ಇನ್ ಮಾಡಿದವರು ವಿಮಾನ ಹತ್ತದಿದ್ದರೆ ಅವರ ಪೆಟ್ಟಿಗೆಯನ್ನು ಹುಡುಕಿ ಕೆಳಗಿಳಿಸುತ್ತಾರೆ. ಅಷ್ಟೂ ಹೊತ್ತು ನಾವು ಒಳಗೆ ಬೇಯುತ್ತೇವೆ. 1985ರ ಜೂನ್ 23ರಂದು ಐರ್ಲೆಂಡಿನ ಕರಾವಳಿಯಾಚೆ ಆಕಾಶದಲ್ಲೇ ಸಿಡಿದ ಏರ್ ಇಂಡಿಯಾದ 'ಕನಿಷ್ಕ'ದಲ್ಲಿ 329 ಜನ ಸತ್ತರು. ಬಾಂಬು ಇದ್ದದ್ದು ಒಂದು ಸೂಟ್‌ಕೇಸಿನಲ್ಲಿ. ಅದನ್ನು ವ್ಯಾಂಕೂವರಿನಲ್ಲಿ ಚೆಕ್-ಇನ್ ಮಾಡಿದವನು ವಿಮಾನ ಹತ್ತಿರಲೇ ಇಲ್ಲ. "ಈ ಲಗೇಜು ಯಾರದು?" ಎಂದು ಅಂದು ಗಟ್ಟಿಯಾಗಿ ಕೇಳುವವರು ಇರಲಿಲ್ಲ.

ಪೆಟ್ಟಿಗೆ ಬರಲೇ ಇಲ್ಲವೆಂದುಕೊಳ್ಳಿ. ಕೌಂಟರಿನಲ್ಲಿ ಒಂದು ಚಿತ್ರಪಟ ಮುಂದಿಡುತ್ತಾರೆ, ಪೆಟ್ಟಿಗೆಗಳ ಆಕಾರಗಳೆಲ್ಲ ನಂಬರು ಸಮೇತ. ನಿಮ್ಮದು ಇದರಲ್ಲಿ ಯಾವುದು? ಇಷ್ಟು ವರ್ಷ ಬಳಸಿದ ಪೆಟ್ಟಿಗೆಗೆ ಜಿಪ್ಪು ಮೇಲಿತ್ತೋ ಪಕ್ಕದಲ್ಲಿತ್ತೋ ನೆನಪಾಗುವುದಿಲ್ಲ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತವೂ 2009ರಲ್ಲಿ ಅದಕ್ಕೆ ಸೇರಿದೆ. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತೆಂದೇ ಲೆಕ್ಕ. ಪರಿಹಾರದ ಮಿತಿ 2024ರ ಡಿಸೆಂಬರ್ ಕೊನೆಯಿಂದ ಸುಮಾರು 2 ಸಾವಿರ ಡಾಲರ್. ಮಿತಿ ಎಂದರೆ ಅಷ್ಟು ಸಿಕ್ಕೇಬಿಡುತ್ತದೆ ಎಂದಲ್ಲ. ಒಳಗೆ ಏನೇನಿತ್ತು, ಯಾವುದಕ್ಕೆಷ್ಟು, ಬಿಲ್ ಎಲ್ಲಿ ಎಂದು ಕೇಳುತ್ತಾರೆ. ಅಲ್ಲಿಯವರೆಗೆ ಒಂದೇ ಪದವಾಗಿದ್ದ ಲಗೇಜು ಈಗ ಮತ್ತೆ ಬಿಡಿಬಿಡಿಯಾಗಿ ಸೀರೆ, ಡಬ್ಬ, ಚಪ್ಪಲಿ, ಪುಡಿ ಪೊಟ್ಟಣಗಳಾಗಬೇಕು. ಈ ಸಲ ದುಡ್ಡು ಕೇಳುವವರು ನಾವು.

ನನ್ನ ಪರಿಚಯದ ಮನೆಯೊಂದರಲ್ಲಿ ಹೀಗೇ ಆಯಿತು. ಡಲ್ಲಾಸಿನ ಮಗ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತುಂಬುತ್ತಿದ್ದ.

"ಹುರಳಿಕಾಳು ಎಷ್ಟಮ್ಮ?"

"ಊರಿಂದ ಬಂದಿದ್ದು ಕಣೋ. ದುಡ್ಡು ಕೊಟ್ಟಿಲ್ಲ."

"ಬಾಳಕದ ಮೆಣಸಿನಕಾಯಿ?"

"ನಾನೇ ಒಣಗಿಸಿದ್ದು, ನಮ್ಮ ತಾರಸಿ ಮೇಲೆ."

ಬಿಲ್ ಇಲ್ಲದ್ದನ್ನೆಲ್ಲ ಒಂದೇ ಸಾಲಿಗೆ ಸೇರಿಸಿ, 'ಮನೆಯ ತಿನಿಸು' ಎಂದು ಬರೆದು, ಮುಂದೆ 20 ಡಾಲರ್ ಎಂದು ಹಾಕಿದ. ಅಮ್ಮ ಕನ್ನಡಕ ಏರಿಸಿ ಪರದೆಗೆ ಮುಖ ಹತ್ತಿರ ತಂದರು.

"ಇಪ್ಪತ್ತಾ? ಅರವತ್ತು ಹಾಕೋ. ಚೌಕಾಸಿ ಮಾಡಿ ನಲವತ್ತಕ್ಕೆ ಬರ್ತಾರೆ."