ಹರಿಹರದ ಹಬ್ಬವೂ ಮರಿಯಮ್ಮನವರ ಜನನದ ಪ್ರಾಚೀನ ಗ್ರಂಥವೂ

ತುಂಗಭದ್ರೆಯ ದಡದ ಹರಿಹರದಲ್ಲಿ ಪ್ರತಿವರ್ಷವೂ ಸೆಪ್ಟೆಂಬರ್ 8ರಂದು ಆರೋಗ್ಯಮಾತೆಯ ಮಹೋತ್ಸವವು ನೆರವೇರುವುದು ಸರ್ವವಿದಿತ. ನೊವೆನಾ ಪ್ರಾರ್ಥನೆಗಳು ಮುಗಿದು ಹಬ್ಬದ ದಿನ ಬಂದಾಗ ದಾವಣಗೆರೆಯಿಂದಲೂ ದೂರದ ಊರುಗಳಿಂದಲೂ ಭಕ್ತರು ಬರುತ್ತಾರೆ. ಅವರಲ್ಲಿ ಕಥೋಲಿಕರಷ್ಟೇ ಅಲ್ಲದೆ ಅನ್ಯಧರ್ಮೀಯ ಬಾಂಧವರೂ ಇರುತ್ತಾರೆ. ಅಂದು ಧರ್ಮಸಭೆಯು ಆಚರಿಸುವುದು ಕನ್ಯಾಮರಿಯಮ್ಮನವರ ಜನನೋತ್ಸವ. ನಮ್ಮ ಅನೇಕ ಮನೆಗಳಲ್ಲಿ ಅದೇ ದಿನ ಹೊಸ ತೆನೆಯ ಹಬ್ಬವೂ ಹೌದು.

ಮರಿಯಮ್ಮನವರ ತಂದೆತಾಯಿಗಳು ಯಾರೆಂದು ಧರ್ಮೋಪದೇಶದ ತರಗತಿಯ ಮಗುವನ್ನು ಕೇಳಿದರೆ, ‘ಸಂತ ಜೊವಾಕಿಂ ಮತ್ತು ಸಂತ ಅನ್ನಮ್ಮ’ ಎಂದು ಥಟ್ಟನೆ ಉತ್ತರ ಬರುತ್ತದೆ. ಆದರೆ ಈ ಹೆಸರುಗಳು ಬೈಬಲಿನಲ್ಲಿ ಎಲ್ಲಿವೆ ಎಂದು ಕೇಳಿದರೆ ಹಿರಿಯರೂ ಮೌನ ತಾಳಬೇಕಾಗುತ್ತದೆ. ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಈ ನಾಲ್ವರಲ್ಲಿ ಯಾರೂ ಮರಿಯಮ್ಮನವರ ಜನನವನ್ನಾಗಲಿ, ಅವರ ಮಾತಾಪಿತೃಗಳ ಹೆಸರನ್ನಾಗಲಿ ಹೇಳಿಲ್ಲ. ಇದನ್ನೇ ಮುಂದಿಟ್ಟುಕೊಂಡು, ‘ನಿಮ್ಮ ಹಬ್ಬಕ್ಕೆ ಆಧಾರವಿಲ್ಲ, ಅದು ಕಟ್ಟುಕಥೆ’ ಎಂದು ವಾದಿಸುವವರು ಉಂಟು. ಅಂತಹ ಮಾತು ಕೇಳಿ ನಮ್ಮ ಯುವಕರಲ್ಲಿ ಕೆಲವರು ಕಳವಳಗೊಳ್ಳುತ್ತಾರೆ. ಕೆಲವರು ಕೋಪದಿಂದ ವಾದಕ್ಕೆ ನಿಲ್ಲುತ್ತಾರೆ. ಕಳವಳವಾಗಲಿ ಕೋಪವಾಗಲಿ ಉತ್ತರವಲ್ಲ. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ, ವಿದ್ವಾಂಸರ ಸಂಶೋಧನೆಯಿಂದ ತಿಳಿದುಬಂದಿರುವುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಪೋಕ್ರಿಫ ಎಂದರೇನು?

‘ಅಪೋಕ್ರಿಫ’ ಎಂಬ ಗ್ರೀಕ್ ಪದಕ್ಕೆ ‘ಗುಪ್ತವಾದವು’ ಎಂದರ್ಥ. ಯೇಸುಸ್ವಾಮಿ, ಮರಿಯಮ್ಮನವರು ಮತ್ತು ಪ್ರೇಷಿತರನ್ನು ಕುರಿತು ಪ್ರಾಚೀನ ಕಾಲದಲ್ಲಿ ರಚಿತವಾಗಿ, ಧರ್ಮಸಭೆಯ ಅಂಗೀಕೃತ ಪಟ್ಟಿಗೆ ಸೇರದೆ ಉಳಿದ ಗ್ರಂಥಗಳಿಗೆ ಈ ಹೆಸರು ಸಲ್ಲುತ್ತದೆ. ಇಲ್ಲೊಂದು ಗೊಂದಲವನ್ನು ನಿವಾರಿಸಬೇಕು. ತೋಬಿತ, ಯೂದಿತ, ಮಕ್ಕಬಿಯರು ಮೊದಲಾದ ಹಳೆಯ ಒಡಂಬಡಿಕೆಯ ಏಳು ಗ್ರಂಥಗಳನ್ನು ಪ್ರೊಟೆಸ್ಟೆಂಟ್ ಸಹೋದರರು ಅಪೋಕ್ರಿಫ ಎನ್ನುತ್ತಾರೆ. ಆದರೆ ಅವು ನಮ್ಮ ಬೈಬಲಿನ ಭಾಗಗಳೇ ಆಗಿವೆ. ಪ್ರಸ್ತುತ ಲೇಖನದ ವಿಷಯ ಅವುಗಳಲ್ಲ.

ಎಲ್ಲ ಅಪೋಕ್ರಿಫಗಳೂ ಒಂದೇ ಬಗೆಯವಲ್ಲ. ಕೆಲವು ಭಿನ್ನಮತಗಳನ್ನು ಹರಡಲೆಂದು ಹುಟ್ಟಿದವು. ಕೆಲವು ಬರಿಯ ಭಕ್ತಿಯಿಂದಲೂ ಕುತೂಹಲದಿಂದಲೂ ಹುಟ್ಟಿದವು. ಶುಭಸಂದೇಶಕಾರರು ಹೇಳದೆ ಬಿಟ್ಟ ತೆರವನ್ನು ಭಕ್ತರ ಮನಸ್ಸು ತುಂಬಿಕೊಂಡಿತು. ನಮ್ಮ ಹಬ್ಬಕ್ಕೆ ಸಂಬಂಧಿಸಿದ ಗ್ರಂಥವು ಈ ಎರಡನೆಯ ಬಗೆಯದು.

ಯಕೋಬನ ಹೆಸರಿನ ಗ್ರಂಥ

ಜೊವಾಕಿಂ ಮತ್ತು ಅನ್ನಮ್ಮನವರ ಹೆಸರು ನಮಗೆ ಮೊದಲು ದೊರೆಯುವುದು ಎರಡನೆಯ ಶತಮಾನದ ಒಂದು ಗ್ರೀಕ್ ಕೃತಿಯಲ್ಲಿ. ಅದರ ಪ್ರಾಚೀನ ಶೀರ್ಷಿಕೆ ‘ಮರಿಯಳ ಜನನ’ ಎಂದಿದೆ. ಹದಿನಾರನೆಯ ಶತಮಾನದಲ್ಲಿ ಫ್ರೆಂಚ್ ವಿದ್ವಾಂಸ ಗಿಯೋಮ್ ಪೋಸ್ಟೆಲ್ ಇದನ್ನು ಲತೀನಿಗೆ ಭಾಷಾಂತರಿಸಿ ‘ಪ್ರೊಟೊ ಇವಾಂಜೆಲಿಯಂ’, ಅಂದರೆ ಆದಿ ಶುಭಸಂದೇಶ, ಎಂದು ಹೆಸರಿಟ್ಟನು. ಆ ಭಾಷಾಂತರವು 1552ರಲ್ಲಿ ಮುದ್ರಣವಾಯಿತು.

ಕಥೆ ಹೀಗಿದೆ. ಜೊವಾಕಿಮನು ಸಿರಿವಂತನೂ ದಾನಶೀಲನೂ ಆದ ಸಜ್ಜನ. ಮಕ್ಕಳಿಲ್ಲದ ಕಾರಣ ದೇವಾಲಯದಲ್ಲಿ ಅವಮಾನಿತನಾಗಿ, ಮನೆಗೆ ಹೋಗದೆ ಅರಣ್ಯದಲ್ಲಿ 40 ದಿನ ಉಪವಾಸವಿರುತ್ತಾನೆ. ಇತ್ತ ಅನ್ನಮ್ಮನವರು ಮನೆಯ ತೋಟದಲ್ಲಿ ಕುಳಿತು, ಮರದ ಮೇಲಿನ ಗುಬ್ಬಿಯ ಗೂಡನ್ನು ಕಂಡು, ಹಕ್ಕಿಗಳಿಗೂ ದೊರೆತ ಭಾಗ್ಯ ತನಗಿಲ್ಲವೆಂದು ಮರುಗುತ್ತಾರೆ. ದೇವದೂತನ ವಾಗ್ದಾನದಂತೆ ಹೆಣ್ಣುಮಗು ಜನಿಸುತ್ತದೆ. ಮಗುವಿಗೆ ಮೂರು ವರ್ಷವಾದಾಗ ಜೆರುಸಲೇಮಿನ ದೇವಾಲಯಕ್ಕೆ ಅರ್ಪಿಸುತ್ತಾರೆ. ಹನ್ನೆರಡನೆಯ ವಯಸ್ಸಿನಲ್ಲಿ ಯಾಜಕರು ವಿಧುರರನ್ನು ಕರೆಸಿ ಅವರವರ ಕೋಲುಗಳನ್ನು ಪಡೆಯಲು, ಜೋಸೆಫರ ಕೋಲಿನಿಂದ ಪಾರಿವಾಳವು ಹೊರಬರುತ್ತದೆ. ಮುಂದೆ ಬೆತ್ಲೆಹೇಮಿನ ಬಳಿ ಗುಹೆಯೊಂದರಲ್ಲಿ ಯೇಸುಕಂದನ ಜನನವಾಗುತ್ತದೆ.

ಅನ್ನಮ್ಮನವರ ದುಃಖವನ್ನು ಓದುವಾಗ ಸಮುವೇಲನ ತಾಯಿ ಹನ್ನಳ ನೆನಪಾಗದಿರದು. ಬಂಜೆತನದ ನಿಂದೆ, ದೇವರಲ್ಲಿ ಮೊರೆ, ಹುಟ್ಟಿದ ಮಗುವನ್ನು ದೇವಾಲಯಕ್ಕೆ ಅರ್ಪಿಸುವ ಹರಕೆ ಎಲ್ಲವೂ ಸಮುವೇಲನ ಮೊದಲನೆಯ ಗ್ರಂಥದಲ್ಲಿವೆ. ‘ಅನ್ನ’ ಎಂಬುದು ‘ಹನ್ನ’ ಎಂಬ ಹೆಸರಿನ ಗ್ರೀಕ್ ರೂಪವೇ. ಲೇಖಕನು ಹಳೆಯ ಒಡಂಬಡಿಕೆಯ ಎರಕದಲ್ಲಿ ತನ್ನ ಕಥೆಯನ್ನು ಹೊಯ್ದಿದ್ದಾನೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಬರೆದವರು ಯಾರು, ಏಕೆ?

ಗ್ರಂಥದ ಕೊನೆಯಲ್ಲಿ ಲೇಖಕನು ತನ್ನನ್ನು ಯಕೋಬನೆಂದು ಕರೆದುಕೊಂಡು, ಹೆರೋದನ ಮರಣಕಾಲದ ಗಲಭೆಯ ಸಮಯದಲ್ಲಿ ಬರೆದುದಾಗಿ ಹೇಳುತ್ತಾನೆ. ಪ್ರಭುವಿನ ಬಂಧುವೆನಿಸಿದ ಯಕೋಬರೇ ಇವರೆಂದು ವಾಚಕರು ಭಾವಿಸಲೆಂಬುದು ಅವನ ಆಶಯ. ಆದರೆ ಒಳಗಿನ ಸಾಕ್ಷ್ಯವು ಇದನ್ನು ಒಪ್ಪುವುದಿಲ್ಲ. ಹೆಣ್ಣುಮಕ್ಕಳನ್ನು ಜೆರುಸಲೇಮಿನ ದೇವಾಲಯದೊಳಗೆ ಸಾಕುವ ಪದ್ಧತಿಯು ಯೆಹೂದ್ಯರಲ್ಲಿ ಇದ್ದುದಕ್ಕೆ ಆಧಾರವಿಲ್ಲ. ಬೆತ್ಲೆಹೇಮ್ ಇರುವುದೇ ಜುದೇಯದಲ್ಲಿ. ಆದರೂ ಅಲ್ಲಿರುವ ಜೋಸೆಫರು ‘ಜುದೇಯಕ್ಕೆ’ ಹೊರಡಲು ಸಿದ್ಧರಾದರೆಂದು ಒಂದೆಡೆ ಬರೆದಿದೆ. ಹರಿಹರದಲ್ಲಿ ನಿಂತವನು ಕರ್ನಾಟಕಕ್ಕೆ ಹೊರಟನೆಂದು ಬರೆದಂತಾಯಿತು! ಲೇಖಕನು ಆ ನಾಡನ್ನು ಚೆನ್ನಾಗಿ ಬಲ್ಲವನಲ್ಲ. ಮತ್ತಾಯ ಮತ್ತು ಲೂಕರ ಶುಭಸಂದೇಶಗಳನ್ನು ಅವನು ಬಳಸಿಕೊಂಡಿದ್ದಾನೆ. ಮೂರನೆಯ ಶತಮಾನದ ಒರಿಜೆನ್ ‘ಯಕೋಬನ ಗ್ರಂಥ’ವನ್ನು ಹೆಸರಿಸಿದ್ದಾನೆ. ಆದುದರಿಂದ ಇದರ ರಚನೆ ಎರಡನೆಯ ಶತಮಾನದ ಮಧ್ಯಭಾಗ ಅಥವಾ ಉತ್ತರಾರ್ಧದಲ್ಲಿ ಆಗಿರಬೇಕೆಂಬುದು ಬಹುಮತದ ನಿರ್ಣಯ. ಬೋಡ್ಮರ್ ಸಂಗ್ರಹದ ಪಪೈರಸ್ ಪ್ರತಿಯೊಂದು 1958ರಲ್ಲಿ ಪ್ರಕಟವಾದ ಮೇಲೆ ಗ್ರಂಥದ ಪ್ರಾಚೀನತೆ ಇನ್ನಷ್ಟು ದೃಢವಾಯಿತು.

ಬರೆಯಲು ಕಾರಣವೇನು? ಆ ಶತಮಾನದಲ್ಲಿ ಕ್ರೈಸ್ತರ ವೈರಿಗಳು ಮರಿಯಮ್ಮನವರ ಮೇಲೆ ಹೀನವಾದ ಅಪವಾದ ಹೊರಿಸುತ್ತಿದ್ದರು. ಕೂಲಿಗೆ ನೂಲುವ ಬಡ ಹೆಂಗಸೆಂದೂ ಶೀಲಗೆಟ್ಟವಳೆಂದೂ ಕೆಲ್ಸಸ್ ಎಂಬ ತತ್ತ್ವಜ್ಞಾನಿಯು ಬರೆದುದಾಗಿ ಒರಿಜೆನನಿಂದ ತಿಳಿಯುತ್ತದೆ. ನಮ್ಮ ಗ್ರಂಥದಲ್ಲಿಯೂ ಮರಿಯಮ್ಮನವರು ನೂಲುತ್ತಾರೆ. ಆದರೆ ಕೂಲಿಗಲ್ಲ, ದೇವಾಲಯದ ತೆರೆಗಾಗಿ. ತಂದೆ ಸಿರಿವಂತ, ಬಾಲ್ಯವೆಲ್ಲ ದೇವಸನ್ನಿಧಿಯಲ್ಲಿ. ತಾಯಿಯ ಮಾನವನ್ನು ಕಾಯಲು ಮಗನೊಬ್ಬನು ಮುಂದೆ ಬಂದಂತಿದೆ ಈ ಗ್ರಂಥ.

ಧರ್ಮಸಭೆಯು ಜರಡಿ ಹಿಡಿದ ಬಗೆ

ಪ್ರೀತಿಯಿಂದ ಬರೆದುದೆಲ್ಲವನ್ನೂ ಧರ್ಮಸಭೆಯು ಸ್ವೀಕರಿಸಲಿಲ್ಲವೆಂಬುದು ಗಮನಾರ್ಹ. ಸಂತ ಪೌಲರ ಹೆಸರಿನಲ್ಲಿ ಕಥೆ ಬರೆದ ಏಷ್ಯ ಪ್ರಾಂತ್ಯದ ಗುರುವೊಬ್ಬರು, ಪೌಲರ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದೆನೆಂದು ಒಪ್ಪಿಕೊಂಡರೂ ತಮ್ಮ ಪದವಿಯನ್ನು ಬಿಡಬೇಕಾಯಿತೆಂದು ತೆರ್ತುಲಿಯನ್ ದಾಖಲಿಸಿದ್ದಾನೆ. ಸುಮಾರು 200ರಲ್ಲಿ ಅಂತಿಯೋಕ್ಯದ ಧರ್ಮಾಧ್ಯಕ್ಷ ಸೆರಾಪಿಯೊನರು ‘ಪೇತ್ರನ ಶುಭಸಂದೇಶ’ವನ್ನು ಓದದೆಯೇ ಮೊದಲು ಅನುಮತಿಯಿತ್ತರು, ತರುವಾಯ ತರಿಸಿ ಓದಿ, ದೋಷಗಳನ್ನು ಕಂಡು ಎಚ್ಚರಿಕೆ ನೀಡಿದರು. ಪ್ರೇಷಿತರ ಕಾಲದ ಮೂಲ, ವಿಶ್ವಾಸದೊಂದಿಗೆ ಹೊಂದಾಣಿಕೆ, ಎಲ್ಲೆಡೆಯ ಸಭೆಗಳ ಪೂಜೆಯಲ್ಲಿ ವಾಚನ ಇವೇ ಅಂದಿನ ಒರೆಗಲ್ಲುಗಳು.

ಸುಮಾರು 180ರಲ್ಲಿಯೇ ಸಂತ ಇರೆನೇಯುಸರು ಶುಭಸಂದೇಶಗಳು ನಾಲ್ಕೇ ಎಂದು ಸಾರಿದ್ದರು. 367ರಲ್ಲಿ ಸಂತ ಅಥನಾಸಿಯುಸರು ಹೊಸ ಒಡಂಬಡಿಕೆಯ 27 ಗ್ರಂಥಗಳನ್ನು ಪಟ್ಟಿ ಮಾಡಿದರು. ಸಂತ ಜೆರೋಮರು ಜೋಸೆಫರಿಗೆ ಮೊದಲ ಮದುವೆಯ ಮಕ್ಕಳಿದ್ದರೆಂಬ ಅಪೋಕ್ರಿಫದ ಮಾತನ್ನು ತೀವ್ರವಾಗಿ ಖಂಡಿಸಿದರು. ಪೋಪ್ ಜೆಲಾಸಿಯುಸರ ಹೆಸರಿನಲ್ಲಿ ಪ್ರಚಲಿತವಾದ ಆರನೆಯ ಶತಮಾನದ ಪಟ್ಟಿಯು ಯಕೋಬನ ಹೆಸರಿನ ಶುಭಸಂದೇಶವನ್ನು ನಿರಾಕೃತ ಗ್ರಂಥಗಳಲ್ಲಿ ಸೇರಿಸಿತು.

1945ರಲ್ಲಿ ಈಜಿಪ್ತಿನ ನಾಗ್ ಹಮ್ಮಾದಿಯಲ್ಲಿ ದೊರೆತ ಪ್ರಾಚೀನ ಪುಸ್ತಕಗಳಲ್ಲಿ 114 ನುಡಿಗಳುಳ್ಳ ‘ತೋಮನ ಶುಭಸಂದೇಶ’ವೂ ಇತ್ತು. 2006ರಲ್ಲಿ ‘ಯೂದನ ಶುಭಸಂದೇಶ’ವು ಪ್ರಕಟವಾಯಿತು. ಸಭೆಯು ಬಚ್ಚಿಟ್ಟ ರಹಸ್ಯ ಬಯಲಾಯಿತೆಂದು ಕೆಲವರು ಬರೆದರು. ಆದರೆ ಯೂದನ ಹೆಸರಿನ ಶುಭಸಂದೇಶವನ್ನು ಇರೆನೇಯುಸರು 1800 ವರ್ಷಗಳ ಹಿಂದೆಯೇ ಬಹಿರಂಗವಾಗಿ ಹೆಸರಿಸಿ ಖಂಡಿಸಿದ್ದರು. ಬಚ್ಚಿಟ್ಟ ಮಾತೆಲ್ಲಿ ಬಂತು?

ಹಬ್ಬವಾಗಿ ಬಂದ ಬಗೆ

ಗ್ರಂಥವನ್ನು ಬದಿಗಿಟ್ಟರೂ ಅದು ಎತ್ತಿ ಹಿಡಿದ ಭಕ್ತಿಯು ಉಳಿಯಿತು. ಜೆರುಸಲೇಮಿನಲ್ಲಿ ಬೆತ್ಸಾಥಾ ಕೊಳದ ಬಳಿ ಮರಿಯಮ್ಮನವರ ಹೆಸರಿನ ದೇವಾಲಯವೆದ್ದಿತು; ಅವರು ಹುಟ್ಟಿದ ಸ್ಥಳವೇ ಅದೆಂದು ಜನ ನಂಬಿದರು. ಅಲ್ಲಿಂದ ಜನನೋತ್ಸವವು ಪೂರ್ವದ ಸಭೆಗಳಲ್ಲಿ ಹರಡಿತು. ಏಳನೆಯ ಶತಮಾನದ ಕೊನೆಗೆ, ಸಿರಿಯ ಮೂಲದ ಪೋಪ್ ಒಂದನೆಯ ಸೆರ್ಜಿಯುಸರು ರೋಮಿನಲ್ಲಿ ಈ ಹಬ್ಬಕ್ಕೆ ಮೆರವಣಿಗೆಯನ್ನು ಏರ್ಪಡಿಸಿದರು. ನವೆಂಬರ್ 21ರ ‘ಮರಿಯಮ್ಮನವರ ಸಮರ್ಪಣೆ’ಯ ಹಬ್ಬದ ಕಥೆ ಇನ್ನೂ ಸ್ವಾರಸ್ಯಕರ. ಅದರ ಆಧಾರವು ಅಪೋಕ್ರಿಫವೆಂಬ ಸಂಕೋಚದಿಂದ ಐದನೆಯ ಪಿಯುಸರು 1568ರಲ್ಲಿ ಅದನ್ನು ಪಂಚಾಂಗದಿಂದ ತೆಗೆದರು. ಐದನೆಯ ಸಿಕ್ಸ್ತುಸರು 1585ರಲ್ಲಿ ಮರಳಿ ಸೇರಿಸಿದರು. 1974ರಲ್ಲಿ ಆರನೆಯ ಪೌಲರು, ಕಥೆಯ ಅಂಶ ಅಪೋಕ್ರಿಫದ್ದಾದರೂ ಈ ಹಬ್ಬವು ಉನ್ನತ ಆದರ್ಶಗಳನ್ನು ಹೊತ್ತಿದೆ ಎಂಬ ಭಾವವನ್ನು ಬಹಿರಂಗವಾಗಿ ಬರೆದರು. ಸಭೆಯು ಏನನ್ನೂ ಮುಚ್ಚಿಟ್ಟಿಲ್ಲ.

ಪ್ರಾಚೀನ ಕಾಲದಲ್ಲಿ ಈ ಕಥೆಗಳು ಎಷ್ಟು ದೂರ ಹಬ್ಬಿದ್ದವೆಂಬುದಕ್ಕೆ ಇನ್ನೊಂದು ನಿದರ್ಶನ ಸಾಕು. ಜಕರೀಯನ ಪೋಷಣೆಯಲ್ಲಿ ಬೆಳೆದ ಮರ್ಯಮ್, ದೇವರಿಂದ ಅವರಿಗೆ ದೊರೆಯುತ್ತಿದ್ದ ಆಹಾರ ಇವು ಕುರ್‌ಆನಿನಲ್ಲಿಯೂ ಬರುತ್ತವೆ. ನಮ್ಮ ಮುಸ್ಲಿಂ ನೆರೆಹೊರೆಯವರಿಗೆ ಮರಿಯಮ್ಮನವರು ಅಪರಿಚಿತರಲ್ಲ.

ದಾವಣಗೆರೆಯ ಸಂತ ತೋಮಸರು

ದಾವಣಗೆರೆಯ ದೇವಾಲಯವು ಸಂತ ತೋಮಸರಿಗೆ ಅರ್ಪಿತವಾಗಿದೆ. ಅವರು ಭಾರತಕ್ಕೆ ಬಂದ ವೃತ್ತಾಂತವನ್ನು ಹೇಳುವ ಅತಿ ಪ್ರಾಚೀನ ವಿಸ್ತೃತ ಕೃತಿಯೂ ಅಪೋಕ್ರಿಫವೇ. ಮೂರನೆಯ ಶತಮಾನದ ಸಿರಿಯ ಪರಂಪರೆಯ ‘ತೋಮನ ಕಾರ್ಯಗಳು’. ಅದರಲ್ಲಿ ಬರುವ ಗೊಂಡೋಫರ್ನೆಸ್ ರಾಜನು ಕಲ್ಪಿತ ವ್ಯಕ್ತಿಯೆಂದು ಹಿಂದೆ ಕೆಲವರು ಭಾವಿಸಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ವಾಯವ್ಯ ಭಾಗದಲ್ಲಿ ಅವನ ನಾಣ್ಯಗಳೂ ತಖ್ತ್-ಇ-ಬಾಹಿಯ ಶಾಸನವೂ ದೊರೆತು, ಅವನು ಒಂದನೆಯ ಶತಮಾನದಲ್ಲಿ ಆಳಿದ ರಾಜನೆಂದು ತಿಳಿಯಿತು. ಇದರಿಂದ ಗ್ರಂಥದ ಪ್ರತಿಯೊಂದು ಪವಾಡವೂ ಚರಿತ್ರೆಯಾಗುವುದಿಲ್ಲ. ಆದರೆ ಅಪೋಕ್ರಿಫವೆಂದ ಮಾತ್ರಕ್ಕೆ ಎಲ್ಲವೂ ಸುಳ್ಳೆಂದು ತಳ್ಳಿಹಾಕಲೂ ಆಗದು.

ಉಪಸಂಹಾರ

ಹರಿಹರದ ಜನರಿಗೆ ಈ ವಿವೇಕ ಹೊಸದಲ್ಲ. ಹರಿಹರೇಶ್ವರ ದೇಗುಲವನ್ನು ಹೊಯ್ಸಳ ದಂಡನಾಯಕ ಪೊಲಾಳ್ವನು 1224ರಲ್ಲಿ ಕಟ್ಟಿಸಿದನೆಂದು ತಿಳಿಯುವುದು ಶಾಸನದಿಂದ. ಗುಹಾಸುರನ ಕಥೆಯನ್ನು ಹೇಳುವುದು ಸ್ಥಳಪುರಾಣ. ಶಾಸನದ ಕೆಲಸವೇ ಬೇರೆ, ಪುರಾಣದ ಕೆಲಸವೇ ಬೇರೆ. ಒಂದನ್ನು ಇನ್ನೊಂದರ ಸ್ಥಾನದಲ್ಲಿಟ್ಟರೆ ಎರಡಕ್ಕೂ ಅನ್ಯಾಯ.

ಹಾಗಾದರೆ ನಮ್ಮ ಮಕ್ಕಳಿಗೆ ಏನು ಹೇಳೋಣ? ಮರಿಯಮ್ಮನವರು ಹುಟ್ಟಿದ್ದು ನಿಶ್ಚಯ. ಅವರಿಗೆ ತಂದೆತಾಯಿಗಳಿದ್ದುದೂ ನಿಶ್ಚಯ. ಅಂತಹ ಮಗಳನ್ನು ಬೆಳೆಸಿದವರು ದೈವಭಕ್ತರಾಗಿದ್ದರೆಂದು ನಂಬಲು ಲೂಕರ ಶುಭಸಂದೇಶದ ಮರಿಯಮ್ಮನವರೇ ಸಾಕ್ಷಿ. ಆ ದಂಪತಿಗಳಿಗೆ ಎರಡನೆಯ ಶತಮಾನದ ಕ್ರೈಸ್ತರಿಂದ ಬಂದ ಹೆಸರು ಜೊವಾಕಿಂ ಮತ್ತು ಅನ್ನಮ್ಮ. ‘ಇದು ಪವಿತ್ರ ಬೈಬಲಿನ ಮಾತಲ್ಲ, ಪರಂಪರೆಯ ಮಾತು’ ಎಂದು ಸ್ಪಷ್ಟವಾಗಿ ಹೇಳಿ ಕೊಡೋಣ. ಮೊದಲೇ ಸತ್ಯ ತಿಳಿದ ಮಗುವಿನ ವಿಶ್ವಾಸವನ್ನು ಮುಂದೆ ಯಾರ ವಾದವೂ ಅಲುಗಿಸಲಾರದು.

ಮಕ್ಕಳಿಲ್ಲದ ಅನೇಕ ದಂಪತಿಗಳು ಆರೋಗ್ಯಮಾತೆಯ ಸನ್ನಿಧಿಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಾರೆ. ಗುಬ್ಬಿಯ ಗೂಡನ್ನು ನೋಡಿ ಅತ್ತ ಅನ್ನಮ್ಮನವರ ಕಥೆಯು ಅಂಗೀಕೃತ ಗ್ರಂಥದಲ್ಲಿ ಇಲ್ಲದಿದ್ದರೂ, ಆ ಕಣ್ಣೀರು ಅವರಿಗೆ ಪರಿಚಿತ. ಸತ್ಯವನ್ನರಿತ ಭಕ್ತಿಯು ನಮ್ಮ ಧರ್ಮಕೇಂದ್ರದ ಮುಂದಿನ ನೂರು ವರ್ಷಗಳಿಗೂ ದಾರಿದೀಪವಾಗಲಿ.