ಮದುವೆ ಕಾನೂನಿನ ನೂರೈವತ್ತು ವರ್ಷಗಳ ಜಗಳ

ವಿವಾಹಾಧಿಕಾರಿಯ ಕಚೇರಿಯ ಗೋಡೆಯಲ್ಲಿ ಒಂದು ಫಲಕವಿರುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬಯಸುವವರ ಹೆಸರು, ವಿಳಾಸಗಳ ನೋಟೀಸನ್ನು ಅಲ್ಲಿ ಅಂಟಿಸಬೇಕು. ಮೂವತ್ತು ದಿನಗಳೊಳಗೆ ಯಾರು ಬೇಕಾದರೂ ಬಂದು ತಕರಾರು ಹೇಳಬಹುದು. ಕೇರಳದಲ್ಲಿ ಈ ನೋಟೀಸುಗಳನ್ನು ಸರಕಾರಿ ಜಾಲತಾಣಕ್ಕೂ ಹಾಕುತ್ತಿದ್ದರು. ಅಂತರ್ಧರ್ಮೀಯ ಜೋಡಿಗಳ ಹೆಸರುಗಳನ್ನು ಅಲ್ಲಿಂದ ಎತ್ತಿ ಹಂಚುವವರು ಹುಟ್ಟಿಕೊಂಡ ಮೇಲೆ 2020ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಮೂವತ್ತು ದಿನಗಳೆಂದರೆ ಏನೆಂಬುದನ್ನು ನಮ್ಮ ಕರಾವಳಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

2023ರ ಏಪ್ರಿಲ್‌ನಲ್ಲಿ ಇದೇ ಕಾಯ್ದೆಯ ಬಾಗಿಲಿಗೆ ಇನ್ನೊಂದು ಬಗೆಯ ಜೋಡಿಗಳು ಬಂದು ನಿಂತವು. ಸುಪ್ರಿಯೊ ಪ್ರಕರಣವೆಂದು ಹೆಸರಾದ ಆ ಅರ್ಜಿಗಳಲ್ಲಿ ಸಲಿಂಗ ಸಂಗಾತಿಗಳು ಸುಪ್ರೀಂ ಕೋರ್ಟಿಗೆ ಮುಖ್ಯವಾಗಿ ಕೇಳಿದ್ದು, ವಿಶೇಷ ವಿವಾಹ ಕಾಯ್ದೆಯನ್ನು ತಮಗೂ ಅನ್ವಯಿಸಿ ಎಂದು. ವೈಯಕ್ತಿಕ ಕಾನೂನುಗಳ ಗೊಡವೆಗೆ ತಾನು ಹೋಗುವುದಿಲ್ಲವೆಂದು ಪೀಠ ಮೊದಲ ದಿನವೇ ಹೇಳಿತು. ಆದರೂ ವಿರೋಧ ಜೋರಾಗಿಯೇ ಬಂತು. ಜಮೀಯತ್ ಉಲಮಾಯೆ ಹಿಂದ್ ವಿರೋಧಿಸಿ ಅರ್ಜಿ ಹಾಕಿತು. ಇದು ನಗರದ ಗಣ್ಯವರ್ಗದ ಅಪೇಕ್ಷೆ, ಭಾರತೀಯ ಕುಟುಂಬದ ಕಲ್ಪನೆಗೆ ಹೊರಗಿನದು, ತೀರ್ಮಾನಿಸಬೇಕಾದುದು ಸಂಸತ್ತು ಎಂದು ಕೇಂದ್ರ ಸರಕಾರ ವಾದಿಸಿತು.

ಈ ಮಾತುಗಳನ್ನು ಓದುವಾಗ, ಹಿಂದೆಲ್ಲೋ ಕೇಳಿದ್ದೇವಲ್ಲ ಎನಿಸುತ್ತದೆ. ಕೇಳಿದ್ದೇವೆ, ಇದೇ ಕಾಯ್ದೆಯ ಬಾಲ್ಯದ ಕಥೆಯಲ್ಲಿ.

1860ರ ದಶಕದಲ್ಲಿ ಕೇಶವಚಂದ್ರ ಸೇನರ ಕಡೆಯ ಬ್ರಾಹ್ಮಸಮಾಜದವರು ವಿಗ್ರಹ, ಹೋಮಗಳಿಲ್ಲದೆ, ಜಾತಿ ಮೀರಿ ಮದುವೆಯಾಗತೊಡಗಿದ್ದರು. ಇಂಥ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಬಂಗಾಳದ ಅಡ್ವೊಕೇಟ್ ಜನರಲ್ ಅಭಿಪ್ರಾಯಪಟ್ಟಾಗ ಅವರು ಗಾಬರಿಯಾದರು. ಮದುವೆ ಅಸಿಂಧುವಾದರೆ ಹೆಂಡತಿ ಹೆಂಡತಿಯಲ್ಲ, ಮಕ್ಕಳು ವಾರಸುದಾರರಲ್ಲ. 1868ರಲ್ಲಿ ವೈಸರಾಯ್ ಮಂಡಲಿಯ ಕಾನೂನು ಸದಸ್ಯ ಹೆನ್ರಿ ಮೇನ್ ಒಂದು ಮಸೂದೆ ತಂದ. ತಮ್ಮ ಧರ್ಮದ ವಿಧಿಯಂತೆ ಮದುವೆಯಾಗಲೊಲ್ಲದ ದೇಶೀಯರು ಸರಕಾರದ ಮುಂದೆ ಮದುವೆಯಾಗಲಿ ಎಂಬುದಷ್ಟೇ ಅದರ ತಿರುಳು. ಪ್ರಾಂತೀಯ ಸರಕಾರಗಳು ಬಹುತೇಕ ಒಕ್ಕೊರಲಿನಿಂದ ಬೇಡವೆಂದವು. ಒಬ್ಬ ಮನುಷ್ಯ ತನ್ನ ಧರ್ಮದೊಳಗೇ ಉಳಿದು ಆ ಧರ್ಮದ ಮದುವೆಯ ಕಟ್ಟಳೆಯನ್ನು ಮುರಿಯಬಹುದಾದರೆ ದೇಶೀಯ ಕಾನೂನಿನ ಬುಡವೇ ಅಲುಗುತ್ತದೆ ಎಂಬುದು ಅವುಗಳ ಅಂಜಿಕೆ.

ಮೇನ್ ಊರಿಗೆ ಹಿಂತಿರುಗಿದ. ಅವನ ಜಾಗಕ್ಕೆ ಬಂದ ಫಿಟ್ಸ್‌ಜೇಮ್ಸ್ ಸ್ಟೀಫನ್ ಅದನ್ನು ಬ್ರಾಹ್ಮರಿಗೆ ಮಾತ್ರ ಸೀಮಿತಗೊಳಿಸಲು ನೋಡಿದ. ಆಗ ದೇವೇಂದ್ರನಾಥ ಠಾಕೂರರ ಆದಿ ಬ್ರಾಹ್ಮಸಮಾಜ ಎದುರು ನಿಂತಿತು: ನಾವು ಹಿಂದೂಗಳೇ, ನಮಗೆ ಬೇರೆ ಕಾನೂನು ಬೇಡ. ಕೊನೆಗೆ 1872ರ ಮಾರ್ಚ್‌ನಲ್ಲಿ ಹೊರಬಂದ ಕಾಯ್ದೆಯಲ್ಲಿ ಒಂದು ವಿಚಿತ್ರ ಷರತ್ತಿತ್ತು. ತಾನು ಹಿಂದೂ ಅಲ್ಲ, ಮುಸಲ್ಮಾನನಲ್ಲ, ಕ್ರೈಸ್ತನಲ್ಲ, ಯೆಹೂದಿಯಲ್ಲ, ಪಾರ್ಸಿಯಲ್ಲ, ಬೌದ್ಧ, ಸಿಖ್, ಜೈನನೂ ಅಲ್ಲ ಎಂದು ಬರೆದುಕೊಟ್ಟವರು ಮಾತ್ರ ಮದುವೆಯಾಗಬಹುದು! ಪ್ರೀತಿಸಿದ ತಪ್ಪಿಗೆ ದೇವರನ್ನು ಕಚೇರಿಯ ಹೊರಗೆ ಬಿಟ್ಟು ಬರಬೇಕು. (ಹುಡುಗಿಗೆ ಕನಿಷ್ಠ ಹದಿನಾಲ್ಕು ವರ್ಷವಾಗಿರಬೇಕೆಂಬ ನಿಯಮವೂ ಅದರಲ್ಲಿತ್ತು. ಕಾನೂನಿಗಾಗಿ ಹೋರಾಡಿದ ಕೇಶವಚಂದ್ರರೇ 1878ರಲ್ಲಿ ಆ ವಯಸ್ಸು ತುಂಬದ ತಮ್ಮ ಮಗಳನ್ನು ಕೂಚ್‌ಬಿಹಾರದ ಮಹಾರಾಜನಿಗೆ ಕೊಟ್ಟರು. ಸಮಾಜ ಇನ್ನೊಮ್ಮೆ ಒಡೆಯಿತು. ಸುಧಾರಕರ ಮನೆಯಲ್ಲೂ ಹೀಗೆ.)

ಈ ಷರತ್ತನ್ನು ತೆಗೆಯಲು ಭೂಪೇಂದ್ರನಾಥ ಬಸು ಮಂಡಿಸಿದ ಮಸೂದೆ 1912ರಲ್ಲಿ ಸೋತಿತು. ಅದನ್ನು ಬೆಂಬಲಿಸಿದವರಲ್ಲಿ ಮುಂಬಯಿಯ ಯುವ ಬ್ಯಾರಿಸ್ಟರ್ ಮುಹಮ್ಮದಲಿ ಜಿನ್ನಾ ಒಬ್ಬರು. ಕುರ್‌ಆನ್ ಇದಕ್ಕೆ ಒಪ್ಪುವುದಿಲ್ಲವೆಂಬ ಆಕ್ಷೇಪಕ್ಕೆ, ಶಾಸನಸಭೆ ಧಾರ್ಮಿಕ ಕಾನೂನನ್ನು ಮೀರಿ ಶಾಸನ ಮಾಡುವುದು ಇದೇ ಮೊದಲಲ್ಲವಲ್ಲ ಎಂಬ ಧಾಟಿಯಲ್ಲಿ ಅವರು ಉತ್ತರಿಸಿದ್ದರು. ಆರು ವರ್ಷಗಳ ಬಳಿಕ ಪಾರ್ಸಿ ತರುಣಿ ರತನ್‌ಬಾಯಿ ಪೆಟಿಟ್‌ರನ್ನು ಅವರು ವರಿಸಿದಾಗ ಕಾನೂನು ಇದ್ದಲ್ಲೇ ಇತ್ತು. ರತನ್‌ಬಾಯಿ ಇಸ್ಲಾಮ್ ಸ್ವೀಕರಿಸಿದರು, ನಿಕಾಹ್ ನಡೆಯಿತು. ಈ ಮತಾಂತರದಲ್ಲಿ ನಂಬಿಕೆಯ ಪಾಲೆಷ್ಟು, ಕಾನೂನಿನ ಇಕ್ಕಟ್ಟಿನ ಪಾಲೆಷ್ಟು ಎಂದು ಯಾರು ಅಳೆಯಬಲ್ಲರು?

1923ರಲ್ಲಿ ಹರಿಸಿಂಗ್ ಗೌರ್ ಬಾಗಿಲನ್ನು ಅರ್ಧ ತೆರೆಸಿದರು. ಹಿಂದೂ, ಬೌದ್ಧ, ಸಿಖ್, ಜೈನರು ಧರ್ಮ ಬಿಡದೆ ಪರಸ್ಪರ ಮದುವೆಯಾಗಬಹುದೆಂದಾಯಿತು. ಮುಸ್ಲಿಮರೂ ಕ್ರೈಸ್ತರೂ ಹೊರಗೇ ಉಳಿದರು. ಒಳಹೋದವರೂ ಸುಂಕ ತೆರಬೇಕಿತ್ತು. ಹೀಗೆ ಮದುವೆಯಾದವನು ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ. ಅವನು ದತ್ತು ತೆಗೆದುಕೊಳ್ಳುವಂತಿಲ್ಲ. ಅವನ ತಂದೆಗೆ ಬೇರೆ ಗಂಡುಮಕ್ಕಳಿಲ್ಲದಿದ್ದರೆ, ಮಗ ಬದುಕಿರುವಾಗಲೇ ಇನ್ನೊಬ್ಬನನ್ನು ದತ್ತು ಪಡೆಯಬಹುದು. ಮಗ ಸತ್ತಂತೆ ಎಂದು ಕಾನೂನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಧರ್ಮ ಬಿಡದೆ ಯಾವ ಧರ್ಮದವರೂ ಯಾರನ್ನೂ ಮದುವೆಯಾಗಬಹುದು ಎಂದಾಗಲು 1954ರ ಕಾಯ್ದೆ ಬರಬೇಕಾಯಿತು. ಮೇನ್‌ನ ಮಸೂದೆಯಿಂದ ಅಲ್ಲಿಗೆ ಎಂಬತ್ತಾರು ವರ್ಷ. ಅದರ ನಾಲ್ಕನೇ ಕಲಮು ಆರಂಭವಾಗುವುದು ‘ಯಾರೇ ಇಬ್ಬರು ವ್ಯಕ್ತಿಗಳ ನಡುವೆ’ ಎಂಬ ಅರ್ಥದ ಮಾತಿನಿಂದ. ಆದರೆ ಕೆಳಗಿನ ಷರತ್ತಿನಲ್ಲಿ ಪುರುಷನಿಗೆ ಇಪ್ಪತ್ತೊಂದು, ಸ್ತ್ರೀಗೆ ಹದಿನೆಂಟು ಎಂದಿದೆ. 2023ರ ವಾದವೆಲ್ಲ ಈ ಎರಡು ಸಾಲುಗಳ ನಡುವಿನ ಸಂದಿಯಲ್ಲಿ ನಡೆಯಿತು ಎನ್ನಬಹುದು.

ಆ ಹೊತ್ತಿಗೆ ಸಲಿಂಗಿಗಳ ತಲೆಯ ಮೇಲಿನ ಕತ್ತಿ ಸರಿದಿತ್ತು. 1860ರ ದಂಡಸಂಹಿತೆಯ 377ನೇ ಕಲಮು ಮೆಕಾಲೆಯ ಕರಡಿನ ವಂಶದ್ದು, ವಿಕ್ಟೋರಿಯಾ ಕಾಲದ ಬ್ರಿಟನ್ನಿನ ನೈತಿಕತೆಯ ಕೂಸು. ಖಲೀಫರ ಉಸ್ಮಾನಿ ಸಾಮ್ರಾಜ್ಯ 1858ರಲ್ಲಿ ಫ್ರೆಂಚ್ ಮಾದರಿಯ ದಂಡಸಂಹಿತೆ ತಂದಾಗ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧಕ್ಕೆ ಅದರಲ್ಲಿ ಶಿಕ್ಷೆ ಇರಲಿಲ್ಲವೆಂಬುದನ್ನು ನಾವು ಮರೆಯುತ್ತೇವೆ. 2009ರಲ್ಲಿ ದೆಹಲಿ ಹೈಕೋರ್ಟ್ ಈ ಕಲಮನ್ನು ಮೊಟಕುಗೊಳಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟಿತು, 2018ರ ಸೆಪ್ಟೆಂಬರ್ 6ರಂದು ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದಿತು. ಅಪರಾಧವಲ್ಲ ಎಂಬುದಕ್ಕೂ ಮನೆಮಂದಿ ಎನಿಸಿಕೊಳ್ಳುವುದಕ್ಕೂ ಬಹಳ ದೂರವಿದೆ.

2023ರ ಅಕ್ಟೋಬರ್ 17ರಂದು ತೀರ್ಪು ಬಂತು. ಮದುವೆ ಮೂಲಭೂತ ಹಕ್ಕಲ್ಲ, ಕಾಯ್ದೆಯನ್ನು ಹಿಗ್ಗಿಸುವುದು ಕೋರ್ಟಿನ ಕೆಲಸವಲ್ಲ ಎಂಬಲ್ಲಿ ಐವರೂ ಒಂದೇ. ಈ ಕಾಯ್ದೆಯನ್ನೇ ರದ್ದು ಮಾಡಿದರೆ ದೇಶ ಸ್ವಾತಂತ್ರ್ಯಪೂರ್ವ ಕಾಲಕ್ಕೆ ಹಿಂದಿರುಗೀತು ಎಂದ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರೂ ನ್ಯಾಯಮೂರ್ತಿ ಕೌಲ್ ಅವರೂ ಸಲಿಂಗ ಸಂಗಾತಿಗಳ ಸಹಜೀವನಕ್ಕೆ ಮಾನ್ಯತೆ, ದತ್ತಿನ ಹಕ್ಕು ಬೇಕೆಂದರು. ಉಳಿದ ಮೂವರು ಒಪ್ಪಲಿಲ್ಲ. 1923ರಂತೆ ಮತ್ತೆ ದತ್ತಿನ ಪ್ರಶ್ನೆ! ಬಹುಮತದ ಮುಖ್ಯ ತೀರ್ಪು ಬರೆದವರು ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ರವೀಂದ್ರ ಭಟ್. 1954ರ ಶಾಸನದ ಉದ್ದೇಶ ಬೇರೆ ಬೇರೆ ಧರ್ಮದ ಗಂಡು ಹೆಣ್ಣುಗಳ ಮದುವೆಯೇ ಹೊರತು ಇದಲ್ಲ, ಮದುವೆಯ ಸುಧಾರಣೆಗಳು ಬಂದದ್ದು ಶಾಸನಸಭೆಗಳಿಂದ ಎಂದು ಅವರು ಹೇಳಿದರು. ಇತಿಹಾಸವಾಗಿ ಅದು ಸರಿ. ಆದರೆ ಆ ಶಾಸನಸಭೆ 1912ರಲ್ಲಿ ಏನು ಮಾಡಿತೆಂಬುದೂ ಇತಿಹಾಸವೇ.

ಧರ್ಮದ ಭೇದವೂ ಲಿಂಗದ ಪ್ರಶ್ನೆಯೂ ಒಂದೇ ಅಲ್ಲವೆಂದು ಓದುಗರು ತಕರಾರು ತೆಗೆದರೆ ನಾನು ಒಪ್ಪುತ್ತೇನೆ. ನಂಬಿಕೆಯುಳ್ಳ ಮುಸ್ಲಿಮನಿಗೆ ಸಲಿಂಗ ಸಂಬಂಧ ನಿಷಿದ್ಧವೆಂಬುದೂ ಉಲಮಾಗಳು ನಿಸ್ಸಂದಿಗ್ಧವಾಗಿ ಹೇಳಿರುವ ಮಾತು. ಆದರೆ ಮುಸ್ಲಿಮ್ ಹೆಣ್ಣು ಮುಸ್ಲಿಮೇತರ ಗಂಡಸನ್ನು ವರಿಸುವುದನ್ನೂ ಅವರು ನಿಕಾಹ್ ಎಂದು ಒಪ್ಪುವುದಿಲ್ಲ. 1954ರ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಎಪ್ಪತ್ತು ವರ್ಷ ಕಳೆದರೂ ಅದರಿಂದ ಒಂದೇ ಒಂದು ನಿಕಾಹಿನ ಶರತ್ತು ಬದಲಾಗಿಲ್ಲ, ಒಬ್ಬ ಖಾಜಿಯ ದಫ್ತರಕ್ಕೂ ಸರಕಾರ ಕೈಹಾಕಿಲ್ಲ. ಬದಲಿಗೆ, ಆ ಕಾಯ್ದೆಯ ಫಲಕದ ಮುಂದೆ ಹೆಸರು ಹುಡುಕಿಕೊಂಡು ನಿಂತವರಿಂದ ಅತಿ ಹೆಚ್ಚು ಪೆಟ್ಟು ತಿಂದವರು ನಮ್ಮ ಹುಡುಗರು, ಹುಡುಗಿಯರು. ಮೂವತ್ತು ದಿನಗಳ ನೋಟೀಸು ಹೋಗಲಿ ಎಂದು ಸುಪ್ರಿಯೊ ಪ್ರಕರಣದ ಅರ್ಜಿದಾರರಲ್ಲಿ ಕೆಲವರೂ ಕೇಳಿದ್ದರು. ಎದುರಾಳಿಗಳಾಗಿ ನಿಂತ ನಾವು ಆ ಒಂದು ಬೇಡಿಕೆಗಾದರೂ ಕಿವಿಗೊಟ್ಟೆವೇ?

ಮರುಪರಿಶೀಲನಾ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ತಳ್ಳಿಹಾಕಿತು. ಅಷ್ಟರೊಳಗೆ ಕೇಂದ್ರದಿಂದ ಕೆಲವು ಸುತ್ತೋಲೆಗಳು ಹೊರಟಿದ್ದವು. ಸಲಿಂಗ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು. ಪಡಿತರ ಚೀಟಿಯ ಮಟ್ಟಿಗೆ ಒಂದೇ ಮನೆಯವರೆಂದು ಪರಿಗಣಿಸಬಹುದು. ಹತ್ತಿರದ ಬಂಧುಗಳಿಲ್ಲದಾಗ ಸಂಗಾತಿಯ ಶವವನ್ನು ಪಡೆದುಕೊಳ್ಳಬಹುದು. 1868ರಲ್ಲಿ ಬ್ರಾಹ್ಮರು ಕೇಳಿದ್ದ ವಾರಸಿನ ಪ್ರಶ್ನೆಗೆ ಮಾತ್ರ ಈ ಸುತ್ತೋಲೆಗಳಲ್ಲಿ ಉತ್ತರವಿಲ್ಲ. ಉಯಿಲು ಬರೆಯದೆ ಸತ್ತರೆ ಮನೆ ಇಂದಿಗೂ ಸತ್ತವನ ಅಣ್ಣತಮ್ಮಂದಿರದ್ದು.