ಬಿಸಿಲಿನಿಂದ ಇಂಧನ: ವೇಗವರ್ಧಕಗಳ ಹುಡುಕಾಟದ ಇತಿಹಾಸ

ನಮ್ಮ ಚಾಮರಾಜಪೇಟೆಗೆ ಹೊಂದಿಕೊಂಡಿರುವ ಕೃಷ್ಣರಾಜ ಮಾರುಕಟ್ಟೆಯ ಪ್ರದೇಶದಲ್ಲಿ 1905ರಲ್ಲಿ ಬೆಂಗಳೂರಿನ ಮೊದಲ ವಿದ್ಯುತ್ ದೀಪಗಳು ಬೆಳಗಿದವು. ಆ ವಿದ್ಯುತ್ ಬಂದದ್ದು ಶಿವನಸಮುದ್ರದಿಂದ. ಕಾವೇರಿಗೆ ನೀರು ಕೊಡುವ ಮೋಡಗಳನ್ನು ಮೇಲಕ್ಕೆತ್ತುವವನು ಸೂರ್ಯ. ಹಾಗೆ ನೋಡಿದರೆ ಆ ದೀಪಗಳಲ್ಲಿ ಉರಿದದ್ದೂ ಬಿಸಿಲೇ. ಆದರೆ ಬಿಸಿಲನ್ನು ಸೀಮೆಎಣ್ಣೆಯಂತೆ ಡಬ್ಬಿಯಲ್ಲಿ ತುಂಬಿಡಲು ಬರುವುದಿಲ್ಲ. ತುಂಬಿಡಬೇಕಾದರೆ ಅದರ ಶಕ್ತಿಯಿಂದ ನೀರನ್ನು ಒಡೆದು ಜಲಜನಕ ಪಡೆಯಬೇಕು, ಇಲ್ಲವೇ ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಆಗಿ ಮಾರ್ಪಡಿಸಬೇಕು. ಇದಕ್ಕೆ ಬೇಕಾದದ್ದು ವೇಗವರ್ಧಕ.

ನಾನು ಭಾಷಾ ಶಿಕ್ಷಕ, ವಿಜ್ಞಾನದವನಲ್ಲ. ಈ ಪದವೇ ನನ್ನನ್ನು ವಿಷಯಕ್ಕೆ ಎಳೆದದ್ದು. ಕನ್ನಡದ 'ವೇಗವರ್ಧಕ' ಎಂದರೆ ವೇಗ ಹೆಚ್ಚಿಸುವುದು. ಉರ್ದುವಿನ 'ಅಮಲ್ ಅಂಗೇಜ್' ಎಂದರೆ ಕ್ರಿಯೆಯನ್ನು ಪ್ರಚೋದಿಸುವುದು. ಎರಡು ಮನೆಗಳ ಸಂಬಂಧ ಕುದುರಿಸಿ, ತಾವು ಹಾಗೆಯೇ ಎದ್ದು ಮುಂದಿನ ಮನೆಗೆ ಹೋಗುವ ಹಿರಿಯರಿದ್ದಾರಲ್ಲ, ಅವರ ಕೆಲಸವೇ ಇದು. ಆದರೆ ಯಾವ ವಸ್ತು ಯಾವ ಕ್ರಿಯೆಗೆ ಒದಗುತ್ತದೆ ಎಂದು ಮೊದಲೇ ಹೇಳುವುದು ಬಹಳ ಕಷ್ಟ. ಪರೀಕ್ಷಿಸಿಯೇ ತಿಳಿಯಬೇಕು.

ಹೀಗೆ ಸಾಲುಸಾಲಾಗಿ ಪರೀಕ್ಷಿಸುವ ಪದ್ಧತಿಗೆ ಭದ್ರ ಬುನಾದಿ ಹಾಕಿದವರು ಜರ್ಮನಿಯ ಆಲ್ವಿನ್ ಮಿಟ್ಟಾಷ್. 1909ರಲ್ಲಿ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದ್ದರು. ಅವರು ಬಳಸಿದ ಆಸ್ಮಿಯಂ ಲೋಹವಾದರೋ ಅತ್ಯಂತ ವಿರಳ. ಅಗ್ಗದ ಬದಲಿ ಹುಡುಕುವ ಹೊಣೆ ಬಿಎಎಸ್‌ಎಫ್ ಕಂಪನಿಯಲ್ಲಿದ್ದ ಮಿಟ್ಟಾಷ್ ಅವರಿಗೆ ಬಂತು. ಅವರು ಚಿಕ್ಕ ಚಿಕ್ಕ ಕುಲುಮೆಗಳನ್ನು ಸಾಲಾಗಿ ಹೂಡಿ, ಒಂದೊಂದರಲ್ಲೂ ಕೆಲವೇ ಗ್ರಾಂ ಮಾದರಿಯನ್ನಿಟ್ಟು ಪರೀಕ್ಷಿಸುತ್ತಾ ಹೋದರು. 1912ರ ಹೊತ್ತಿಗೆ ಸುಮಾರು 2,500 ವಸ್ತುಗಳ ಮೇಲೆ 6,500 ಪರೀಕ್ಷೆಗಳು ಮುಗಿದಿದ್ದವು. ಗೆದ್ದದ್ದು ಕಬ್ಬಿಣ. ಮೊದಲ ಸುಳಿವು ಕೊಟ್ಟದ್ದು ಸ್ವೀಡನ್ನಿನ ಒಂದು ಅದಿರು.

ಇಲ್ಲಿ ಒಂದು ಮಾತು. ನನ್ನ ತರಗತಿಯ ಹುಡುಗಿಯೊಬ್ಬಳು ಪ್ರಯೋಗದ ಉತ್ತರ ತಪ್ಪಾಯಿತೆಂದು ರೆಕಾರ್ಡ್ ಪುಸ್ತಕದ ಹಾಳೆಯನ್ನೇ ಹರಿದು ಹಾಕಿದ್ದಳು. ಅಂಕದ ಭಯ, ಆ ಭಯ ಕಲಿಸಿದವರು ನಾವೇ. ಮಿಟ್ಟಾಷ್ ಕಾಪಾಡಿಕೊಂಡದ್ದು ಅಂಥ ಹಾಳೆಗಳನ್ನು. ಯಾವುದನ್ನು ಸೇರಿಸಿದರೆ ಕಬ್ಬಿಣ ಚುರುಕಾಗುತ್ತದೆ, ಗಂಧಕದಂಥ ಯಾವ ವಸ್ತು ಅದನ್ನು ಕೆಡಿಸುತ್ತದೆ ಎಂಬುದು ಸೋತ ಪರೀಕ್ಷೆಗಳನ್ನು ಬರೆದಿಟ್ಟದ್ದರಿಂದಲೇ ತಿಳಿಯಿತು. ಆ ಅಮೋನಿಯಾ ಹೊಲಗಳಿಗೆ ಗೊಬ್ಬರವೂ ಆಯಿತು, ಮಹಾಯುದ್ಧದಲ್ಲಿ ಸಿಡಿಮದ್ದೂ ಆಯಿತು ಎಂಬುದನ್ನು ಮರೆಯಬಾರದು. ನಮ್ಮ ಮೈಸೂರು ಸಂಸ್ಥಾನದ ಬೆಳಗೊಳದಲ್ಲೂ 1940ರ ದಶಕದಲ್ಲಿ ಅಮೋನಿಯಾ ತಯಾರಾಗತೊಡಗಿತು.

ಇನ್ನು ಬಿಸಿಲಿನ ಕಥೆ. ಇಟಲಿಯ ಜಾಕೊಮೊ ಚಾಮಿಚಾನ್ 1912ರಲ್ಲಿ ನ್ಯೂಯಾರ್ಕಿನಲ್ಲಿ ಮಾತನಾಡುತ್ತಾ, ಕಲ್ಲಿದ್ದಲಿನ ಬದಲು ಬಿಸಿಲಿನಿಂದ ನಡೆಯುವ ಉದ್ಯಮಗಳ ಕನಸನ್ನು ಮುಂದಿಟ್ಟರು. ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದ ವರದಿ 1972ರಲ್ಲಿ ಪ್ರಕಟವಾಯಿತು. ಆ ವಸ್ತು ಹೀರುವುದು ನೇರಳಾತೀತ ಕಿರಣಗಳನ್ನು ಮಾತ್ರ. ಬಿಸಿಲಿನಲ್ಲಿ ಅವುಗಳ ಪಾಲು ಬಹಳ ಕಡಿಮೆ. ಬೇರೆ ವಸ್ತು ಬೇಕಿತ್ತು. ಮುಂದಿನ ನಾಲ್ಕು ದಶಕಗಳಲ್ಲಿ ನೀರಿನಿಂದ ಆಮ್ಲಜನಕ ಬಿಡಿಸಲು ಯೋಗ್ಯವೆಂದು ಕಂಡವು ಹದಿನಾರೇ ಎಂದು ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದರು. ಅವರು ಮೊದಲು ಗಣಕಯಂತ್ರದಲ್ಲಿ 174 ವಸ್ತುಗಳ ಗುಣಗಳನ್ನು ಜಾಲಾಡಿ, ಭರವಸೆ ಹುಟ್ಟಿಸಿದವನ್ನು ಮಾತ್ರ ತಯಾರಿಸಿ ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಈ ಕೆಲಸದಿಂದ ಎರಡೇ ವರ್ಷದಲ್ಲಿ ಹನ್ನೆರಡು ಹೊಸ ವಸ್ತುಗಳು ದೊರೆತವು. ಮಿಟ್ಟಾಷರ ಕುಲುಮೆಗಳ ಸಾಲು ಈಗ ಅರ್ಧಕ್ಕರ್ಧ ಗಣಕಯಂತ್ರದೊಳಗೆ ಸೇರಿದೆ.

ಪ್ಲಾಟಿನಂ ಜಲಜನಕ ಬಿಡಿಸುವುದರಲ್ಲಿ ನಿಪುಣ, ಆದರೆ ದುಬಾರಿ. ಅದರ ಬದಲಿಗೆ ಮಾಲಿಬ್ಡಿನಂ ಸಲ್ಫೈಡ್ ಆಗಬಹುದೆಂದು 2005ರಲ್ಲಿ ಡೆನ್ಮಾರ್ಕಿನ ಸಂಶೋಧಕರ ಲೆಕ್ಕಾಚಾರ ಸೂಚಿಸಿತು. ಇದೇನೂ ಅಪರೂಪದ ವಸ್ತುವಲ್ಲ; ಜೆ.ಸಿ. ರಸ್ತೆಯ ಮೆಕ್ಯಾನಿಕ್‌ಗಳ ಕೈಗೆ ಮೆತ್ತುವ ಕೆಲವು ಕಪ್ಪು ಗ್ರೀಸ್‌ಗಳಲ್ಲಿ ಇರುವುದು ಇದೇ.

ಈ ವಸ್ತುವಿನ ಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದವರು ಪ್ರೊ. ಸಿ.ಎನ್.ಆರ್. ರಾವ್. ಅವರು ನಮ್ಮ ಪಕ್ಕದ ಬಸವನಗುಡಿಯಲ್ಲಿ 1934ರಲ್ಲಿ ಹುಟ್ಟಿದವರು. ತಂದೆ ಶಾಲಾ ಇನ್‌ಸ್ಪೆಕ್ಟರ್. ಅವರ ತಂಡ ಮಾಲಿಬ್ಡಿನಂ ಸಲ್ಫೈಡನ್ನು ಒಂದೇ ಪದರದ ತೆಳುವಿಗೆ ಬಿಡಿಸಿ, ಪರಮಾಣುಗಳ ಜೋಡಣೆ ಬದಲಿಸಿ, ಬೆಳಕಿನಲ್ಲಿ ಜಲಜನಕ ಹೊರಡುವ ಪ್ರಮಾಣವನ್ನು ಬಹುವಾಗಿ ಹೆಚ್ಚಿಸಿದ್ದು 2013ರಲ್ಲಿ ವರದಿಯಾಯಿತು. ಆಗ ಅವರಿಗೆ 79 ವರ್ಷ. ಅದೇ ವರ್ಷ ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಆಕ್ಸೈಡ್‌ಗಳಿಂದ ಆಮ್ಲಜನಕ ಬಿಡಿಸುವ ಕೆಲಸವನ್ನೂ ಪ್ರಕಟಿಸಿದರು. ಅದೇ ಕೇಂದ್ರದ ಸೆಬಾಸ್ಟಿಯನ್ ಪೀಟರ್ ಅವರ ತಂಡ ಇಂಗಾಲದ ಡೈಆಕ್ಸೈಡಿನಿಂದ ಮೆಥನಾಲ್ ಮಾಡುವ ವೇಗವರ್ಧಕದೊಂದಿಗೆ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 2018ರಲ್ಲಿ ಅಂತಿಮ ಹತ್ತರೊಳಗೆ ಬಂತು.

ಆದರೆ 2013ರ ಆ ಜಲಜನಕಕ್ಕೆ ಬೆಳಕು ಹೀರಲು ಬೇರೊಂದು ಬಣ್ಣ ಬೇಕಿತ್ತು, ಇನ್ನೊಂದು ರಾಸಾಯನಿಕ ವ್ಯಯವಾಗಬೇಕಿತ್ತು. ಜಲಜನಕ ಬಿಡಿಸುವ ಅರ್ಧವನ್ನೂ ಆಮ್ಲಜನಕ ಬಿಡಿಸುವ ಅರ್ಧವನ್ನೂ ಒಂದೇ ಸಾಧನದಲ್ಲಿ ಕೂಡಿಸಿ, ಬರೀ ನೀರು ಮತ್ತು ಬಿಸಿಲಿನಿಂದ, ಅಗ್ಗವಾಗಿ, ವರ್ಷಗಟ್ಟಲೆ ಕೆಡದಂತೆ ನಡೆಸುವ ವಸ್ತುಗಳ ಹುಡುಕಾಟ ಇನ್ನೂ ನಡೆದಿದೆ.